ಟೆಕ್ಸಾಸ್ ಕಾನೂನಿನಲ್ಲಿ ಅಪರಾಧದ ದರ್ಜೆಯನ್ನೂ ಶಿಕ್ಷೆಯನ್ನೂ ಕಂಡುಕೊಳ್ಳುವ ಕ್ರಮ

ಅಮೆರಿಕದಲ್ಲಿ ಬಹುಪಾಲು ಅಪರಾಧಗಳ ವಿಚಾರಣೆ ಆಯಾ ರಾಜ್ಯದ ಕಾನೂನಿನಂತೆ ನಡೆಯುವುದರಿಂದ, ಯಾವ ರಾಜ್ಯ ಎಂದು ತಿಳಿಯದೆ ಶಿಕ್ಷೆಯ ಪ್ರಮಾಣವನ್ನು ಹೇಳಲಾಗದು. ಇಲ್ಲಿ ವಿವರಿಸಿರುವುದು ಟೆಕ್ಸಾಸ್‌ನ ದಂಡಸಂಹಿತೆಯನ್ನು ಓದುವ ಕ್ರಮವನ್ನು ಮಾತ್ರ.

ಆರೋಪಪತ್ರದಲ್ಲಿ ನಮೂದಾಗಿರುವ ಕಲಮನ್ನು ಮೊದಲು ಹುಡುಕಿ, ಕೊನೆಯವರೆಗೂ ಓದಬೇಕು. ಕೃತ್ಯದ ವ್ಯಾಖ್ಯೆ ಆರಂಭದಲ್ಲಿದ್ದರೂ ಅದರ ದರ್ಜೆಯನ್ನು ಸಾಮಾನ್ಯವಾಗಿ ನಂತರದ ಉಪಕಲಮುಗಳಲ್ಲಿ ಹೇಳಿರುತ್ತದೆ. ಶಿಕ್ಷೆಯ ಅವಧಿ ಮಾತ್ರ ಅಲ್ಲಿ ಸಿಗುವುದು ಅಪರೂಪ. ಅದಕ್ಕೆ 12ನೇ ಅಧ್ಯಾಯವನ್ನು ತೆರೆಯಬೇಕು.

ಆ ಅಧ್ಯಾಯದ ಪ್ರಕಾರ ಮಿಸ್‌ಡಿಮೀನರ್ ಎಂಬ ಲಘು ಅಪರಾಧಗಳಲ್ಲಿ ಸಿ ವರ್ಗಕ್ಕೆ 500 ಡಾಲರ್‌ವರೆಗೆ ದಂಡವಷ್ಟೇ ಇದೆ, ಸೆರೆವಾಸವಿಲ್ಲ. ಬಿ ವರ್ಗಕ್ಕೆ 180 ದಿನಗಳವರೆಗೆ ಜೈಲು ಮತ್ತು 2,000 ಡಾಲರ್‌ವರೆಗೆ ದಂಡ, ಎ ವರ್ಗಕ್ಕೆ ಒಂದು ವರ್ಷದವರೆಗೆ ಜೈಲು ಮತ್ತು 4,000 ಡಾಲರ್‌ವರೆಗೆ ದಂಡ ವಿಧಿಸಬಹುದು. ಇವಕ್ಕಿಂತ ಗಂಭೀರವಾದವು ಫೆಲನಿಗಳು: ಸ್ಟೇಟ್ ಜೈಲ್ ಫೆಲನಿಗೆ 180 ದಿನಗಳಿಂದ 2 ವರ್ಷ, ಮೂರನೇ ದರ್ಜೆಗೆ 2ರಿಂದ 10 ವರ್ಷ, ಎರಡನೆಯದಕ್ಕೆ 2ರಿಂದ 20 ವರ್ಷ, ಮೊದಲನೆಯದಕ್ಕೆ 5ರಿಂದ 99 ವರ್ಷ ಅಥವಾ ಜೀವಾವಧಿ. ಈ ನಾಲ್ಕಕ್ಕೂ 10,000 ಡಾಲರ್‌ವರೆಗೆ ದಂಡ ಸೇರಬಹುದು. ಎಲ್ಲಕ್ಕಿಂತ ಗಂಭೀರವಾದ ಕ್ಯಾಪಿಟಲ್ ಫೆಲನಿಯಲ್ಲಿ ವಯಸ್ಕರಿಗೆ ಮರಣದಂಡನೆ ಅಥವಾ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಿದೆ.

ಒಂದೇ ಹೆಸರಿನ ಅಪರಾಧ ಹಲವು ದರ್ಜೆಗಳಲ್ಲಿ ಹರಡಿಕೊಂಡಿರುವುದೇ ಓದುಗರನ್ನು ಹೆಚ್ಚು ತೊಡಕಿಗೆ ಸಿಲುಕಿಸುತ್ತದೆ. ಕಳ್ಳತನವನ್ನು ಹೇಳುವ 31.03ನೇ ಕಲಮನ್ನೇ ನೋಡಿ. ಕದ್ದ ವಸ್ತುವಿನ ಮೌಲ್ಯ 100 ಡಾಲರ್‌ಗಿಂತ ಕಡಿಮೆಯಿದ್ದರೆ ಅದು ಸಿ ವರ್ಗ, 100ರಿಂದ 750ರೊಳಗಿದ್ದರೆ ಬಿ, 750ರಿಂದ 2,500ರೊಳಗಿದ್ದರೆ ಎ, ಅದಕ್ಕೂ ಮೇಲೆ 30,000ದೊಳಗಿದ್ದರೆ ಸ್ಟೇಟ್ ಜೈಲ್ ಫೆಲನಿ. ಆದರೆ ಕದ್ದದ್ದು ಬಂದೂಕಾಗಿದ್ದರೆ, ಅಥವಾ ಮನುಷ್ಯನ ಮೈಮೇಲಿಂದಲೇ ಕದ್ದಿದ್ದರೆ, ಬೆಲೆ ಎಷ್ಟೇ ಅಲ್ಪವಾಗಿರಲಿ ಅದು ನೇರವಾಗಿ ಸ್ಟೇಟ್ ಜೈಲ್ ಫೆಲನಿಯಾಗುತ್ತದೆ. ಆದ್ದರಿಂದ ಮೌಲ್ಯದ ಪಟ್ಟಿಯನ್ನು ಕಂಡೊಡನೆ ಓದು ನಿಲ್ಲಿಸಬಾರದು.

ಮುಂದಿನ ಹೆಜ್ಜೆ ಹಿಂದಿನ ಶಿಕ್ಷೆಗಳ ಪರಿಶೀಲನೆ. ಕುಡಿದು ವಾಹನ ಚಲಾಯಿಸಿದ್ದು ಮೊದಲ ಬಾರಿಗೆ ಸಾಮಾನ್ಯವಾಗಿ ಬಿ ವರ್ಗ, ಎರಡನೆಯ ಬಾರಿಗೆ ಎ ವರ್ಗ, ಮೂರನೆಯ ಬಾರಿಗೆ ಮೂರನೇ ದರ್ಜೆಯ ಫೆಲನಿ. ಇದಲ್ಲದೆ, ಹಿಂದೆ ಫೆಲನಿಗೆ ಶಿಕ್ಷೆಯಾದವರಿಗೆ 12.42ನೇ ಕಲಮು ಶಿಕ್ಷೆಯನ್ನು ಮೇಲಿನ ದರ್ಜೆಗೆ ಏರಿಸಬಲ್ಲದು.

ಅಮೆರಿಕದ ಪೌರರಲ್ಲದವರಿಗೆ ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ತಪ್ಪೊಪ್ಪಿಕೊಂಡವರನ್ನು ದೋಷಿಯೆಂದು ಘೋಷಿಸದೆ ನಿಗಾದಲ್ಲಿಡುವ ಡಿಫರ್ಡ್ ಅಡ್ಜುಡಿಕೇಷನ್ ಎಂಬ ವ್ಯವಸ್ಥೆ ಟೆಕ್ಸಾಸ್‌ನಲ್ಲಿದೆ. ರಾಜ್ಯದ ಲೆಕ್ಕದಲ್ಲಿ ಅದು ದೋಷನಿರ್ಣಯವಲ್ಲ, ಆದರೆ ಒಕ್ಕೂಟದ ವಲಸೆ ಕಾನೂನು ಅದನ್ನು ದೋಷನಿರ್ಣಯವೆಂದೇ ಎಣಿಸುತ್ತದೆ. ಹೀಗಾಗಿ ತಪ್ಪೊಪ್ಪಿಗೆಯ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕ್ರಿಮಿನಲ್ ವಕೀಲರನ್ನಷ್ಟೇ ಅಲ್ಲ, ವಲಸೆ ಕಾನೂನು ಬಲ್ಲ ವಕೀಲರನ್ನೂ ಕೇಳಬೇಕು.