ನೆರೆ ಬಂದ ಊರಿಗೆ ಸಾಮಾನು ಕಳಿಸುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಕಡೆಯ ಒಂದು ಶಾಲೆಯಲ್ಲಿ ನಾವು ಐದಾರು ಜನ ಬಟ್ಟೆ ವಿಂಗಡಿಸುತ್ತಾ ಕೂತಿದ್ದೆವು. ಸೊಂಟದೆತ್ತರದ ರಾಶಿ. ಅದರಿಂದ ಒಂದು ಸೀರೆ ತೆಗೆದು ಒಬ್ಬ ಅಜ್ಜಿಗೆ ಕೊಟ್ಟೆ. ಅವರು ಮೈಮೇಲಿದ್ದ ಒದ್ದೆ ಕುಬಸದ ತೋಳು ಹಿಡಿದು ತೋರಿಸಿ, "ಸೀರಿ ಛಲೋ ಐತಿ ಯವ್ವಾ. ಕುಬಸ ಎಲ್ಲೈತಿ?" ಎಂದರು. ಮಧ್ಯಾಹ್ನದವರೆಗೆ ಹುಡುಕಿದರೂ ಅವರಿಗೆ ಆಗುವಂಥ ಒಂದೂ ಸಿಗಲಿಲ್ಲ. ಕಳಿಸಿದವರ ಮನಸ್ಸು ಒಳ್ಳೆಯದೇ ಇತ್ತು. ಕಟ್ಟುವಾಗ ಅವರು ಇನ್ನೊಂದು ಗಂಟೆ ಕೂತಿದ್ದರೆ ಅಜ್ಜಿಗೆ ಆ ದಿನ ಒಣ ಬಟ್ಟೆ ಸಿಗುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಫೋನ್ ಮಾಡಿ

ಕಪಾಟು ತೆಗೆಯುವ ಮೊದಲು ಆ ಊರಿನ ಪಿಡಿಒಗೋ, ಶಾಲೆಯ ಮೇಷ್ಟ್ರಿಗೋ, ಕಾಳಜಿ ಕೇಂದ್ರ ನೋಡಿಕೊಳ್ಳುವವರಿಗೋ ಫೋನ್ ಮಾಡಿ. ಕಾಳಜಿ ಕೇಂದ್ರವನ್ನು ನಮ್ಮ ಜನ ಈಗಲೂ ಗಂಜಿ ಕೇಂದ್ರ ಅಂತಲೇ ಅನ್ನುತ್ತಾರೆ. ಎಷ್ಟು ಜನ ಇದ್ದಾರೆ, ಏನು ಬೇಕು, ಏನು ಸಾಕಾಗಿದೆ ಎಂದು ಕೇಳಿ. ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಊರಿನಿಂದ ಊರಿಗೆ ಬೇಕಾದದ್ದು ಬೇರೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಅಲ್ಲಿ ಮಳೆ ಜೊತೆಗೆ ಚಳಿ. ಕಂಬಳಿ, ಸ್ವೆಟರ್ ಬೇಕು. ಬಾಗಲಕೋಟೆ ಕಡೆಯಾದರೆ ದನಕ್ಕೆ ಮೇವು ಎಲ್ಲಿಂದ ತರೋಣ ಅನ್ನುವುದೇ ದೊಡ್ಡ ಚಿಂತೆ. ಒಂದು ಟ್ರ್ಯಾಕ್ಟರ್ ಕಣಕಿ ಕಳಿಸಿದರೂ ಪುಣ್ಯ ಬರುತ್ತದೆ.

2. ಬಟ್ಟೆ

ಜಾಸ್ತಿ ಕೆಡುವುದು ಇಲ್ಲೇ. ನಿಧಾನವಾಗಿ ಮಾಡಿ.

ಒಂದೊಂದೇ ಬಟ್ಟೆ ಬೆಳಕಿಗೆ ಹಿಡಿದು ನೋಡಿ. ಹರಿದದ್ದು, ಗುಂಡಿ ಹೋದದ್ದು, ಜಿಪ್ ಕೆಟ್ಟದ್ದು ಬೇಡ. ನಿಮ್ಮ ಅಕ್ಕನಿಗೆ ಉಡಲು ಕೊಡುತ್ತೀರಾ? ಇಲ್ಲ ಅಂದರೆ ಪಕ್ಕಕ್ಕಿಡಿ. ಒಗೆದು, ಪೂರ್ತಿ ಒಣಗಿಸಿ. ಸ್ವಲ್ಪ ತೇವ ಇದ್ದರೂ ಚೀಲದೊಳಗೆ ಮುಗ್ಗಲು ಹಿಡಿದು ಉಳಿದದ್ದೂ ಹಾಳಾಗುತ್ತದೆ.

ಸೀರೆಯನ್ನು ಒಂಟಿಯಾಗಿ ಕಳಿಸಲೇಬೇಡಿ. ಸೀರೆ, ಲಾಡಿ ಹಾಕಿದ ಲಂಗ, ಕುಬಸ ಮೂರನ್ನೂ ಸೇರಿಸಿ ಮಡಚಿ, ಅದೇ ಸೀರೆಯ ಸೆರಗಿನಿಂದ ಸುತ್ತಿ ಗಂಟು ಹಾಕಿ. ಕುಬಸ ದೊಡ್ಡ ಅಳತೆಯದೇ ಇರಲಿ. ದೊಡ್ಡದನ್ನು ಹಿಡಿದು ಹೊಲಿದುಕೊಳ್ಳಬಹುದು, ಚಿಕ್ಕದನ್ನು ಏನೂ ಮಾಡಲಾಗದು. ಪ್ರತಿ ಗಂಟಿಗೂ ಒಂದು ಸೂಜಿ, ದಾರದ ಉಂಡೆ, ನಾಲ್ಕು ಪಿನ್ನು ಸಿಕ್ಕಿಸಿ. ವಯಸ್ಸಿನ ಹುಡುಗಿಯರಿಗೆ ನೈಟಿ, ಚೂಡಿದಾರ ಆಗುತ್ತದೆ. ನಮ್ಮ ಹಳ್ಳಿಯ ಅಜ್ಜಿಯರಿಗೆ ಸೀರೆಯೇ ಆಗಬೇಕು.

ಒಳಉಡುಪು ಹೊಸದೇ ಇರಲಿ. ಕೇಳಲು ಎಲ್ಲರಿಗೂ ನಾಚಿಕೆ, ಆದರೆ ಮೊದಲು ಖಾಲಿಯಾಗುವುದು ಅದೇ. ಪ್ಯಾಡ್ ಜೊತೆಗೆ ಮೆತ್ತನೆಯ ಹತ್ತಿಬಟ್ಟೆಯೂ ಇರಲಿ. ಇವನ್ನು ಬೇರೆ ಚೀಲದಲ್ಲಿ ಕಟ್ಟಿ, ಹಂಚಲು ಆಶಾ ಕಾರ್ಯಕರ್ತೆಯ ಕೈಗೇ ಕೊಡಿ.

ಈಗ ಚೀಲ. ರಟ್ಟಿನ ಡಬ್ಬಿ ಬೇಡವೇ ಬೇಡ. ಮಳೆಯಲ್ಲಿ ಒಮ್ಮೆ ಇಳಿಸಿದರೆ ತಳ ಕಳಚಿ ಬೀಳುತ್ತದೆ. ಅಕ್ಕಿಯ ಪ್ಲಾಸ್ಟಿಕ್ ಚೀಲ ತೆಗೆದುಕೊಳ್ಳಿ, ಬಾಯಿಯನ್ನು ದಬ್ಬಣ, ಸುತಳಿಯಿಂದ ಹೊಲಿಯಿರಿ. ಒಂದು ಚೀಲ 15 ಕಿಲೋ ದಾಟಬಾರದು. ಅದನ್ನು ಕೆಸರಲ್ಲಿ ಹೊತ್ತು ನಡೆಯುವವರು ಇರುತ್ತಾರೆ. ಒಂದು ಚೀಲಕ್ಕೆ ಒಂದೇ ಬಗೆ ತುಂಬಿ. ಹೊರಗೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆಯಿರಿ: "ಹೆಂಗಸರು, ಸೀರೆ ಗಂಟು, 12". ಮಳೆಗೆ ಅಕ್ಷರ ಅಳಿಸುತ್ತದೆ. ಅದಕ್ಕೇ ಅದನ್ನೇ ಚೀಟಿಯಲ್ಲಿ ಬರೆದು ಹಾಲಿನ ಪ್ಯಾಕೆಟ್ ಕವರ್ ಒಳಗೆ ಹಾಕಿ ಚೀಲದ ಬಾಯಿಯ ಹತ್ತಿರ ಇಡಿ. "ಬಟ್ಟೆ" ಅಂತ ಮಾತ್ರ ಬರೆದರೆ ಅಲ್ಲಿಯವರು ಮತ್ತೆ ಬಿಚ್ಚಿ ಸುರಿಯಬೇಕು. ಆ ಸೊಂಟದೆತ್ತರದ ರಾಶಿ ಆಗಿದ್ದು ಹಾಗೆಯೇ.

3. ಊಟ, ನೀರು

ಬ್ರೆಡ್ ಬೇಡ, ಎರಡೇ ದಿನಕ್ಕೆ ಬೂಸ್ಟು ಬರುತ್ತದೆ. ನಮ್ಮ ಕಡೆಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿಗೆ ಸಮನಾದದ್ದಿಲ್ಲ. ಒಲೆ ಬೇಡ, ಕೆಡುವುದಿಲ್ಲ, ಅವರು ದಿನಾ ತಿನ್ನುವ ಊಟವೇ ಅದು. ನೀರಿಗೆ ಸಣ್ಣ ಬಾಟಲಿಗಳ ಬದಲು 20 ಲೀಟರಿನ ಕ್ಯಾನ್ ಕಳಿಸಿ.

4. ಮನೆಗೆ ವಾಪಸು ಹೋಗುವವರಿಗೆ

ನೀರು ಇಳಿದ ಮೇಲೆ ಮನೆಯೊಳಗೆ ಮೊಣಕಾಲುದ್ದ ರಾಡಿ ಇರುತ್ತದೆ. ಮುಚ್ಚಳ ಇರುವ ಬಕೆಟ್ ತಂದು, ಅದರೊಳಗೆ ಚೊಂಬು, ಸೋಪು, ಬ್ಲೀಚಿಂಗ್ ಪುಡಿ, ಗಟ್ಟಿ ಪೊರಕೆ ತುಂಬಿ ಒಂದು ಮನೆಗೆ ಒಂದರಂತೆ ಕಳಿಸಿ. ಬಕೆಟ್ಟೇ ಪ್ಯಾಕಿಂಗ್ ಆಯಿತು, ಅಲ್ವಾ? ಸಲಿಕೆ, ಪುಟ್ಟಿ ನಾಲ್ಕು ಮನೆಗೆ ಒಂದು ಸಾಕು. ತಾಡಪತ್ರಿ ಕೊಳ್ಳುವಾಗ ಮಾತ್ರ ಚೌಕಾಸಿ ಮಾಡಬೇಡಿ. ಸಂತೆಯಲ್ಲಿ ಸಿಗುವ ತೆಳು ನೀಲಿ ಹಾಳೆ ಮೊದಲ ಗಾಳಿಗೇ ತೂತಿನ ಹತ್ತಿರ ಹರಿಯುತ್ತದೆ. ದಪ್ಪನೆಯದನ್ನು ಎರಡೇ ತಂದರೂ ಪರವಾಗಿಲ್ಲ.

5. ದುಡ್ಡು

ಸಾಮಾನು ಹೊಂದಿಸಲು ಆಗದಿದ್ದರೆ ದುಡ್ಡು ಕೊಡಿ, ಅದೇನೂ ಕಡಿಮೆ ಅಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅದರದೇ ವೆಬ್‌ಸೈಟ್ ಮೂಲಕ ಕಟ್ಟಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಕ್ಯೂಆರ್ ಕೋಡ್‌ಗೆ ಹಾಕಬೇಡಿ.

6. ಹಂಚುವಾಗ

ನೀವೇ ಹೋದರೆ ಫೋಟೋ ಬೇಡ. ತಗೊಳ್ಳುವವರ ಮುಖದ್ದಂತೂ ಖಂಡಿತ ಬೇಡ. ಮೊನ್ನೆಯವರೆಗೆ ತಮ್ಮ ಹೊಲದಲ್ಲಿ ನಾಲ್ಕು ಜನಕ್ಕೆ ಕೂಲಿ ಕೊಟ್ಟವರು ಅವರು. ಗಾಡಿಯಿಂದ ಎಸೆಯಬೇಡಿ, ಕೆಳಗಿಳಿದು ಕೈಯಲ್ಲಿ ಕೊಡಿ.

7. ತಿಂಗಳ ಮೇಲೆ ಮತ್ತೆ ಫೋನ್

ಮೊದಲ ವಾರ ಗಾಡಿಗಳ ಸಾಲೇ ಇರುತ್ತದೆ, ಆಮೇಲೆ ಯಾರೂ ಬರುವುದಿಲ್ಲ. ಅದೇ ನಂಬರಿಗೆ ತಿಂಗಳು ಬಿಟ್ಟು ಮತ್ತೆ ಫೋನ್ ಮಾಡಿ. ನಾವು ಆ ವರ್ಷ ಸೆಪ್ಟೆಂಬರ್‌ನಲ್ಲಿ ಮಾಡಿದಾಗ ಮೇಷ್ಟ್ರು ಎರಡೇ ಕೇಳಿದರು. ಮಕ್ಕಳಿಗೆ ನೋಟ್‌ಬುಕ್, ಹಿಂಗಾರಿಗೆ ಬಿತ್ತಲು ಜೋಳ, ಕಡಲೆಯ ಬೀಜ.