ಭಾವನ ಗಾಲ್ಫ್ ಕೋಲು ಫೋನಿನಲ್ಲಿ ಬಗ್ಗಿದ್ದೇಕೆ, ನೆಟ್ಟಗೆ ಬರಿಸುವುದು ಹೇಗೆ

ನಮ್ಮ ಭಾವ ರಿಟೈರ್ ಆದ ಮೇಲೆ ಗಾಲ್ಫ್ ಹಿಡಿದರು. ಮೈಸೂರಿನಲ್ಲಿ ರೇಸ್‌ಕೋರ್ಸ್ ಪಕ್ಕದಲ್ಲೇ ಗಾಲ್ಫ್ ಮೈದಾನ ಇದೆಯಲ್ಲ, ದಿನಾ ಬೆಳಿಗ್ಗೆ ಅಲ್ಲಿಗೆ. ಒಂದು ಭಾನುವಾರ ನನಗೆ ಫೋನ್ ಮಾಡಿ, "ನೀನು ಮದುವೆ ವಿಡಿಯೊ ತೆಗೆಯೋನು, ನನ್ನ ಸ್ವಿಂಗ್ ಒಂದು ತೆಗೆದುಕೊಡಪ್ಪ, ಕೋಚ್‌ಗೆ ತೋರಿಸಬೇಕು" ಅಂದರು. ಹೋದೆ. ಫೋನನ್ನು ಅಡ್ಡ ಹಿಡಿದು, ಅವರ ಎದುರಿಗೆ ನಿಂತು ತೆಗೆದೆ. ಚೆಂಡಿಗೆ ಪೆಟ್ಟು ಬೀಳುವ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ ನೋಡಿದರೆ, ಅವರ ಹೊಸ ಡ್ರೈವರ್ (ಚೆಂಡನ್ನು ದೂರಕ್ಕೆ ಹೊಡೆಯುವ ಉದ್ದನೆಯ ಕೋಲು) ಕುಡುಗೋಲಿನ ಹಾಗೆ ಬಗ್ಗಿ ಕೂತಿತ್ತು.

"ಏನೋ ಇದು, ಅಂಗಡಿಯವನು ಡೂಪ್ಲಿಕೇಟ್ ಕೊಟ್ಟುಬಿಟ್ಟನಾ?" ಅಂತ ಭಾವ ಕೋಲನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಕೋಲು ನೆಟ್ಟಗೇ ಇತ್ತು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಶಟರ್ ಸ್ಪೀಡ್ ಸಾಲದು ಅಂದುಕೊಂಡು 1/4000 ಸೆಕೆಂಡ್‌ಗೆ ಏರಿಸಿದೆ. ಈಗ ಕೋಲಿನ ಮೇಲಿನ ಅಕ್ಷರವೂ ಓದುವಷ್ಟು ಚೊಕ್ಕವಾಗಿ ಬಂತು. ಬಾಗು ಮಾತ್ರ ಹಾಗೇ ಇತ್ತು. ಮೊದಲು ಮಸುಕಾದ ಕುಡುಗೋಲು, ಈಗ ಹರಿತವಾದ ಕುಡುಗೋಲು, ಅಷ್ಟೇ.

ಯಾಕೆ ಅಂತ ತಿಳಿಯಬೇಕಾದರೆ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ. ಗಾಜಿನ ಮೇಲೆ ಕೈ ಇಟ್ಟು, ದೀಪದ ಪಟ್ಟಿ ಸರಿಯುವಾಗ ಕೈಯನ್ನೂ ಸರಿಸಿ. (ಅಂಗಡಿಯವರು ಬೈದರೆ ನನ್ನ ಹೆಸರು ಹೇಳಬೇಡಿ.) ಕಾಗದದ ಮೇಲೆ ಬೆರಳುಗಳು ರಬ್ಬರಿನ ಹಾಗೆ ಎಳೆದುಕೊಂಡು ಬರುತ್ತವೆ. ದೀಪ ಬೆರಳ ತುದಿಯನ್ನು ನೋಡಿದ್ದು ಒಂದು ಹೊತ್ತಿನಲ್ಲಿ, ಮಣಿಕಟ್ಟನ್ನು ನೋಡಿದ್ದು ಇನ್ನೊಂದು ಹೊತ್ತಿನಲ್ಲಿ. ಫೋನಿನ ಸೆನ್ಸರ್, ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್, ಮಾಡುವುದೂ ಇದನ್ನೇ. ಅದು ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ. ಒಂದು ತುದಿಯ ಸಾಲಿನಿಂದ ಶುರು ಮಾಡಿ, ಸಾಲು ಸಾಲಾಗಿ ಓದುತ್ತಾ ಇನ್ನೊಂದು ತುದಿಗೆ ಬರುತ್ತದೆ. ಇದಕ್ಕೆ ರೋಲಿಂಗ್ ಶಟರ್ ಅಂತ ಹೆಸರು. ಶಟರ್ ಸ್ಪೀಡ್ ಅನ್ನುವುದು ಒಂದೊಂದು ಸಾಲು ಎಷ್ಟು ಹೊತ್ತು ಬೆಳಕು ಕುಡಿಯುತ್ತದೆ ಅನ್ನುವ ಲೆಕ್ಕ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರಲು ಎಷ್ಟು ಹೊತ್ತು ಬೇಕು ಅನ್ನುವುದು ಬೇರೆಯೇ ಲೆಕ್ಕ. ಅದನ್ನು ಮೆನುವಿನಲ್ಲಿ ಎಲ್ಲೂ ಬರೆದಿರುವುದಿಲ್ಲ.

ಭಾವನ ಕೋಲಿಗೆ ಲೆಕ್ಕ ಹಾಕಿ ನೋಡಿದೆ. ಹವ್ಯಾಸಿಗಳು ಡ್ರೈವರ್ ಬೀಸಿದರೆ ಅದರ ತಲೆ ಸೆಕೆಂಡಿಗೆ ಸುಮಾರು 40 ಮೀಟರ್ ವೇಗದಲ್ಲಿ ಬರುತ್ತದೆ, ಅಂದರೆ ಗಂಟೆಗೆ 144 ಕಿಲೋಮೀಟರ್. ನನ್ನ ಫೋನ್ ಒಂದು ಫ್ರೇಮ್, ಅಂದರೆ ವಿಡಿಯೊದ ಒಂದು ಚಿತ್ರ, ಓದಲು 20 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಫ್ರೇಮಿನಲ್ಲಿ ಮೇಲಿಂದ ಕೆಳಗೆ ಎರಡೂವರೆ ಮೀಟರ್ ಜಾಗ ಕಾಣುತ್ತಿತ್ತು. ಕೋಲು ಹೆಚ್ಚುಕಡಿಮೆ ಒಂದು ಮೀಟರ್. ಹಾಗಾಗಿ ಹಿಡಿಯಿಂದ ತಲೆಯವರೆಗೆ ಓದಲು 8 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ತಲೆ 32 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕೋಲಿನ ನಡುಭಾಗದ ವೇಗ ಅರ್ಧ, ಅದರ ಸರದಿಗೆ ಕಾದ ಹೊತ್ತೂ ಅರ್ಧ. ಅದು ಸರಿಯುವುದು 8 ಸೆಂಟಿಮೀಟರ್ ಮಾತ್ರ. ನಡುವೆ 8, ತುದಿಯಲ್ಲಿ 32. ಅದಕ್ಕೇ ಕೋಲು ಸುಮ್ನೆ ಓರೆಯಾಗುವುದಿಲ್ಲ, ಬಿಲ್ಲಿನ ಹಾಗೆ ಬಾಗುತ್ತದೆ.

ನಿಮ್ಮ ಫೋನಿನ ಲೆಕ್ಕ ಬೇಕಾದರೆ ಮನೆಯಲ್ಲೇ ಸಿಗುತ್ತದೆ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬಲ್ಬ್ ಹುಡುಕಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಬೇರೆ ದೀಪ ಆರಿಸಿ, ಆ ಬೆಳಕು ಬಿದ್ದ ಬಿಳಿ ಗೋಡೆಯನ್ನು ವಿಡಿಯೊ ಮಾಡಿ. ಪ್ರೊ ಮೋಡ್‌ನಲ್ಲಿ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್) ಶಟರ್ 1/2000 ಇರಲಿ, ಐಎಸ್ಒ, ಅಂದರೆ ಬೆಳಕಿನ ಸೂಕ್ಷ್ಮತೆ, ಜಾಸ್ತಿ ಇರಲಿ. ಗೋಡೆಯ ಮೇಲೆ ಇಳಕಲ್ ಸೀರೆಯ ಪಟ್ಟೆಗಳಂತೆ ಕಪ್ಪು ಪಟ್ಟಿಗಳು ಕಾಣುತ್ತವೆ. ಒಂದು ಕಪ್ಪು ಪಟ್ಟಿಯಿಂದ ಮುಂದಿನ ಕಪ್ಪು ಪಟ್ಟಿಗೆ 10 ಮಿಲಿಸೆಕೆಂಡ್. ಫ್ರೇಮಿನಲ್ಲಿ ಇಂಥ ಎರಡು ಅಂತರ ಹಿಡಿಸಿದರೆ 20. ಒಂದೂವರೆ ಹಿಡಿಸಿದರೆ 15. ಪಟ್ಟಿಯೇ ಕಾಣದಿದ್ದರೆ ನಿಮ್ಮ ಬಲ್ಬ್ ಒಳ್ಳೆಯದು, ಪಕ್ಕದ ಮನೆಯಲ್ಲಿ ಕೇಳಿ.

ಈ ಪಟ್ಟಿಗಳ ಪರಿಚಯ ನನಗೆ ಆಗಿದ್ದು ಬಹಳ ದುಬಾರಿಯಾಗಿ. ಒಂದು ಮದುವೆಯಲ್ಲಿ ಪುರೋಹಿತರಿಗೆ ತೊಂದರೆ ಬೇಡ ಅಂತ ಕ್ಯಾಮೆರಾವನ್ನು ಸೈಲೆಂಟ್ ಶಟರ್‌ಗೆ (ಸದ್ದಿಲ್ಲದೆ, ಫೋನಿನ ಹಾಗೆ ಸಾಲು ಸಾಲಾಗಿ ಓದುವ ಮೋಡ್) ಹಾಕಿದ್ದೆ. ಮಂಟಪದ ತುಂಬಾ ಎಲ್‌ಇಡಿ ದೀಪ. ಮಾಂಗಲ್ಯಧಾರಣೆಯ ಅಷ್ಟೂ ಫೋಟೊಗಳಲ್ಲಿ ಮದುಮಗಳ ಮುಖದ ಮೇಲೆ ಅಡ್ಡಪಟ್ಟಿ. ತಾಳಿ ಇನ್ನೊಂದು ಸಲ ಕಟ್ಟಿ ಅನ್ನೋಕಾಗುತ್ತಾ?

ಸರಿ, ಕೋಲಿಗೆ ಬರೋಣ. ಮೊದಲ ಉಪಾಯ ಸ್ಲೋ ಮೋಷನ್. ಸೆಕೆಂಡಿಗೆ 240 ಫ್ರೇಮ್ ತೆಗೆಯಬೇಕಾದರೆ, ಸೆನ್ಸರ್ ಪ್ರತಿ ಫ್ರೇಮನ್ನೂ 1/240 ಸೆಕೆಂಡಿನೊಳಗೆ ಓದಿ ಮುಗಿಸಲೇಬೇಕು, ಅಂದರೆ ನಾಲ್ಕು ಮಿಲಿಸೆಕೆಂಡ್ ಚಿಲ್ಲರೆ. ಆಗ ಮೇಲಿನ ಲೆಕ್ಕದ 32 ಸೆಂಟಿಮೀಟರ್ ಬಾಗು 7ಕ್ಕೆ ಇಳಿಯುತ್ತದೆ. ವಿಡಿಯೊ ನಿಧಾನವಾಗಿ ಓಡಿಸಿ ನೋಡುವ ಆಸೆ ಇಲ್ಲದಿದ್ದರೂ ಈ ಮೋಡ್‌ನಲ್ಲೇ ತೆಗೆಯಿರಿ. ಬಿಸಿಲು ಚೆನ್ನಾಗಿರಬೇಕು, ಸಂಜೆ ಹೊತ್ತು ಕಾಳು ಕಾಳಾಗಿ ಬರುತ್ತದೆ. ಇನ್ನೊಂದು ಮಾತು: ಕೆಲವು ಫೋನುಗಳು ಕಡಿಮೆ ಫ್ರೇಮ್ ತೆಗೆದು, ನಡುವಿನದನ್ನು ಸಾಫ್ಟ್‌ವೇರ್‌ನಿಂದ ತುಂಬಿಸಿ ದೊಡ್ಡ ಸಂಖ್ಯೆ ತೋರಿಸುತ್ತವೆ. ಅದರಿಂದ ಬಾಗು ಕಡಿಮೆಯಾಗುವುದಿಲ್ಲ.

ಎರಡನೆಯದಕ್ಕೆ ಕಾಸೂ ಖರ್ಚಿಲ್ಲ, ನನಗೆ ಇದೇ ಇಷ್ಟ. ಫೋನನ್ನು ಉದ್ದಕ್ಕೆ ಹಿಡಿಯಿರಿ. ಸೆನ್ಸರಿನ ಸಾಲುಗಳು ಸಾಮಾನ್ಯವಾಗಿ ಅದರ ಉದ್ದ ಬದಿಯ ಜೊತೆಗೇ ಸಾಗುತ್ತವೆ. ಫೋನ್ ಅಡ್ಡ ಇದ್ದರೆ ಸಾಲುಗಳೂ ಅಡ್ಡ, ಕೋಲಿನ ಒಂದೊಂದು ತುಂಡೂ ಒಂದೊಂದು ಸಾಲಿಗೆ ಸಿಗುತ್ತದೆ. ಫೋನ್ ನೆಟ್ಟಗೆ ನಿಂತರೆ ಸಾಲುಗಳೂ ನಿಲ್ಲುತ್ತವೆ. ಎದುರಿನಿಂದ ನೋಡಿದರೆ ಪೆಟ್ಟು ಬೀಳುವಾಗ ಕೋಲೂ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಆಗ ಇಡೀ ಕೋಲು ಪಕ್ಕಪಕ್ಕದ ಕೆಲವೇ ಸಾಲುಗಳಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ದಾಖಲಾಗುತ್ತದೆ. ಆದರೆ ಕೋಲು ಇಳಿಯುತ್ತಾ ನೆಲಕ್ಕೆ ಸಮವಾಗಿ ಮಲಗುವ ಒಂದು ಘಳಿಗೆ ಇದೆಯಲ್ಲ, ಆಗ ಅದು ಬಾಗಿಯೇ ಕಾಣುತ್ತದೆ. ಯಾವ ಕ್ಷಣ ಬೇಕು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ.

ಮೂರನೆಯದು, ಹಿಂದಕ್ಕೆ ಹೋಗಿ ನಿಲ್ಲುವುದು. ಫ್ರೇಮಿನಲ್ಲಿ ಕೋಲು ಅರ್ಧದಷ್ಟು ಚಿಕ್ಕದಾದರೆ, ಅದನ್ನು ಓದುವ ಹೊತ್ತೂ ಅರ್ಧ, ಬಾಗೂ ಅರ್ಧ. ಹಿಂದೆ ಹೋಗಿ ಮತ್ತೆ ಲೆನ್ಸಿನಿಂದ ಜೂಮ್ ಮಾಡಿದರೆ ಮಾಡಿದ್ದೆಲ್ಲ ವ್ಯರ್ಥ.

ಕ್ಯಾಮೆರಾ ಇರುವವರಿಗೆ ಬೇರೆ ಪೇಚಾಟ. ಮೆಕ್ಯಾನಿಕಲ್ ಶಟರ್‌ನ ಪರದೆ ಸೆನ್ಸರನ್ನು ದಾಟಲು ಮೂರು ನಾಲ್ಕು ಮಿಲಿಸೆಕೆಂಡ್ ಸಾಕು, ಹಾಗಾಗಿ ಫೋಟೊದಲ್ಲಿ ಕೋಲು ಬಹುತೇಕ ನೆಟ್ಟಗೆ ಬರುತ್ತದೆ. ಆದರೆ ಅದು ಟಪಕ್ ಅನ್ನುತ್ತದೆ, ಗಾಲ್ಫ್‌ನಲ್ಲಿ ಸದ್ದು ಮಹಾಪಾಪ. ಅದಕ್ಕೇ ಟೂರ್ನಿಗಳಲ್ಲಿ ಫೋಟೊಗ್ರಾಫರ್‌ಗಳು ಚೆಂಡಿಗೆ ಪೆಟ್ಟು ಬೀಳುವವರೆಗೂ ಗುಂಡಿ ಮುಟ್ಟದೆ ಕಾಯುತ್ತಿದ್ದರು. ಸೈಲೆಂಟ್ ಶಟರ್ ಹಾಕಿದರೆ ಸದ್ದು ಹೋಯಿತು, ಕುಡುಗೋಲು ಬಂತು. 2021ರ ನಿಕಾನ್ ಝಡ್9ರ ಸೆನ್ಸರ್ ಎಷ್ಟು ಬೇಗ ಓದುತ್ತದೆ ಅಂದರೆ, ಅದರಲ್ಲಿ ಮೆಕ್ಯಾನಿಕಲ್ ಶಟರ್ ಅನ್ನೇ ತೆಗೆದುಹಾಕಿದರು. 2023ರ ನವೆಂಬರ್‌ನಲ್ಲಿ ಪ್ರಕಟವಾದ ಸೋನಿ ಎ9 ತ್ರೀಯಲ್ಲಿ ಗ್ಲೋಬಲ್ ಶಟರ್ ಇದೆ, ಎಲ್ಲ ಸಾಲುಗಳೂ ಒಂದೇ ಏಟಿಗೆ ಹಿಡಿಯುತ್ತವೆ. ಬೆಲೆ ಕೇಳಿದ ಮೇಲೆ ನಾನು ಫೋನನ್ನು ಉದ್ದಕ್ಕೆ ಹಿಡಿಯುವುದೇ ವಾಸಿ ಅಂದುಕೊಂಡೆ.

ಇದು ಡಿಜಿಟಲ್ ಕಾಲದ ರೋಗ ಅಂತಲೂ ಅನ್ನುವ ಹಾಗಿಲ್ಲ. 1910ರ ದಶಕದಲ್ಲಿ ಫ್ರಾನ್ಸಿನ ಜಾಕ್ ಆನ್ರಿ ಲಾರ್ತೀಗ್ ತೆಗೆದ ರೇಸ್ ಕಾರಿನ ಫೋಟೊದಲ್ಲಿ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿದೆ, ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಅಲ್ಲಿ ಸಾಲು ಸಾಲಾಗಿ ಓದುವ ಸೆನ್ಸರ್ ಇರಲಿಲ್ಲ, ಫಿಲ್ಮಿನ ಮುಂದೆ ಸರಿದದ್ದು ಶಟರ್ ಪರದೆಯ ಸೀಳು.

ಇನ್ನು, ಕೋಲು ನಿಜವಾಗಿಯೂ ಸ್ವಲ್ಪ ಬಳುಕುತ್ತದೆ. 1938ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೆರಾಲ್ಡ್ ಎಜರ್ಟನ್ ಗಾಲ್ಫ್ ಆಟಗಾರ ಡೆನ್ಸ್‌ಮೋರ್ ಶೂಟ್ ಅವರ ಸ್ವಿಂಗನ್ನು ಕತ್ತಲಲ್ಲಿ ಫ್ಲಾಶ್ ಮೇಲೆ ಫ್ಲಾಶ್ ಮಿಂಚಿಸಿ ಒಂದೇ ಫಿಲ್ಮಿನ ಮೇಲೆ ಹಿಡಿದರು. ಅದರಲ್ಲಿ ಕಾಣುವ ಬಳುಕು ಅಸಲಿ, ಯಾಕಂದರೆ ಪ್ರತಿ ಮಿಂಚೂ ಇಡೀ ಫಿಲ್ಮಿಗೆ ಒಟ್ಟಿಗೇ ತಾಗಿತ್ತು. ನಿಮ್ಮ ಫೋನಿನ ವಿಡಿಯೊ ನೋಡಿ "ಶಾಫ್ಟ್ (ಕೋಲಿನ ದಂಡ) ಮೆತ್ತಗಾಯಿತು, ಬದಲಾಯಿಸಿ" ಅಂತ ಯಾರಾದರೂ ಹೇಳಿದರೆ ದುಡ್ಡು ಬಿಚ್ಚಬೇಡಿ.

ಕೊನೆಗೆ ಭಾವನಿಗೆ ಒಂದು ಆಟ ತೋರಿಸಿದೆ. ಫೋನನ್ನು ಅಡ್ಡ ಹಿಡಿದು ಒಂದು ವಿಡಿಯೊ, ಅದನ್ನೇ ತಲೆಕೆಳಗು ಮಾಡಿ ಇನ್ನೊಂದು. ಮೊದಲನೆಯದರಲ್ಲಿ ಓದು ಮೇಲಿಂದ ಕೆಳಕ್ಕೆ ಬಂದು, ಕೋಲಿನ ತಲೆ ಕೈಗಿಂತ ಮುಂದೆ ಓಡಿತ್ತು. ಎರಡನೆಯದರಲ್ಲಿ ತಲೆಯ ಸರದಿ ಮೊದಲು ಬಂದು, ಅದು ಕೈಗಳ ಹಿಂದೆ ಉಳಿದಿತ್ತು. ಗಾಲ್ಫ್‌ನವರು ಲ್ಯಾಗ್ ಅಂತ ಬಾಯಿ ಚಪ್ಪರಿಸುವುದು ಇದಕ್ಕೇ. ಎರಡೂ ಸುಳ್ಳು, ಕೋಚ್‌ಗೆ ಉದ್ದಕ್ಕೆ ಹಿಡಿದು ತೆಗೆದ ಸ್ಲೋ ಮೋಷನ್ ತೋರಿಸಿ ಅಂತ ಹೇಳಿದೆ. ಭಾವ ತಲೆ ಅಲ್ಲಾಡಿಸಿದರು. ಸಂಜೆ ನೋಡಿದರೆ ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ತಲೆಕೆಳಗಾಗಿ ತೆಗೆದ ವಿಡಿಯೊ ಇತ್ತು.