ಟೀಚರಮ್ಮನ ನೆನಪಿನ ಪುಸ್ತಕ: ನಾನು ಮಾಡುವ ಕ್ರಮ

ಶಿಕ್ಷಕಿಯೊಬ್ಬರು ತೀರಿಕೊಂಡು ಕೆಲವು ತಿಂಗಳಾದ ಮೇಲೆ, ವರ್ಷಾಂತಿಕದ ಹೊತ್ತಿಗೆ ಪುಸ್ತಕ ತರೋಣ ಎಂದು ಮನೆಯವರು ಹೊರಡುತ್ತಾರೆ. ಆಗ ಮೊದಲು ಹೊಳೆಯುವುದು ಹತ್ತಾರು ಜನರಿಂದ ಲೇಖನ ಕೇಳುವುದು. ನಾನು ಕೊನೆಗೆ ಮಾಡುವ ಕೆಲಸ ಅದು. ಲೇಖನ ಕೇಳಿದರೆ ಬರುವುದು 'ಮಮತಾಮಯಿ', 'ಆದರ್ಶ ಗೃಹಿಣಿ', 'ತುಂಬಲಾರದ ನಷ್ಟ'. ಈ ಮಾತುಗಳಲ್ಲಿ ಸುಳ್ಳಿಲ್ಲ, ಆದರೆ ಯಾರ ಪುಸ್ತಕದಲ್ಲಾದರೂ ಹೊಂದುತ್ತವೆ. ಈ ಒಬ್ಬರು ಮಗ್ಗಿ ಹೇಗೆ ಕಲಿಸುತ್ತಿದ್ದರು, ಶಾಲೆಯಿಂದ ಬಂದು ಮೊದಲು ಯಾವ ಕೆಲಸಕ್ಕೆ ಕೈಹಾಕುತ್ತಿದ್ದರು, ಮೊಮ್ಮಕ್ಕಳನ್ನು ಏನೆಂದು ಕೂಗುತ್ತಿದ್ದರು ಎಂಬುದು ಮಾತ್ರ ಬೇರೆಲ್ಲೂ ಸಿಗುವುದಿಲ್ಲ. ಕಂಡವರು ಇರುವಾಗಲೇ ಅದನ್ನು ಬರೆದಿಡಬೇಕು.

ಎಲ್ಲಕ್ಕಿಂತ ಮೊದಲು ಅವರ ಮೊಬೈಲು. ಸಿಮ್ ರೀಚಾರ್ಜ್ ನಿಲ್ಲಿಸಬೇಡಿ, ಫೋನನ್ನು ಫಾರ್ಮ್ಯಾಟ್ ಮಾಡಿ ಮಕ್ಕಳ ಕೈಗೆ ಕೊಡಬೇಡಿ. ಬಳಕೆಯಿಲ್ಲದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನಕ್ಕೆ ಅಳಿಸಿಹೋಗುತ್ತದೆ. ಅಜ್ಜಿಯ ದನಿ ಉಳಿದಿರುವುದು ಹೆಚ್ಚಾಗಿ ಮೊಮ್ಮಕ್ಕಳಿಗೆ ಕಳಿಸಿದ ವಾಯ್ಸ್ ಮೆಸೇಜುಗಳಲ್ಲೇ. ಅವನ್ನು ಕಂಪ್ಯೂಟರಿಗೆ ಇಳಿಸಿ, ಪ್ರತಿ ಫೈಲಿಗೂ ತಾರೀಖು ಮತ್ತು ಯಾರಿಗೆ ಕಳಿಸಿದ್ದು ಎಂದು ಹೆಸರಿಡಿ.

ಆಮೇಲೆ ದಾಖಲೆ. ಶಿಕ್ಷಕಿಯ ಬದುಕಿನ ಬೆನ್ನೆಲುಬು ಸೇವಾ ಪುಸ್ತಕ. ಮನೆಯಲ್ಲಿ ನಕಲು ಇಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕುಟುಂಬದವರು ಅರ್ಜಿ ಕೊಟ್ಟು ಕೇಳಬಹುದು. ನೇಮಕಾತಿ, ವರ್ಗಾವಣೆ, ಬಡ್ತಿ, ರಜೆ ಎಲ್ಲವೂ ಅದರಲ್ಲಿ ತಾರೀಖಿನ ಸಮೇತ ಇರುತ್ತವೆ. ಹೆರಿಗೆ ರಜೆಯ ನಮೂದುಗಳನ್ನು ಬಿಡದೆ ನೋಡಿ. ಯಾವ ಶಾಲೆಯಲ್ಲಿದ್ದಾಗ ಯಾವ ಮಗು ಹುಟ್ಟಿತು ಎಂಬುದು ಅಲ್ಲೇ ತಿಳಿಯುತ್ತದೆ. ಪತಿ-ಪತ್ನಿ ಪ್ರಕರಣದಡಿ, ಅಂದರೆ ದಂಪತಿ ಒಂದೇ ಕಡೆ ಕೆಲಸ ಮಾಡಲೆಂದು, ವರ್ಗಾವಣೆ ಕೇಳಿದ ಅರ್ಜಿ ಸಿಕ್ಕರಂತೂ ದಾಂಪತ್ಯದ ಒಂದು ಅಧ್ಯಾಯವೇ ಸಿಕ್ಕಂತೆ. ಇಬ್ಬರೂ ಎಷ್ಟು ವರ್ಷ ಬೇರೆ ಬೇರೆ ಊರಲ್ಲಿದ್ದರು, ಮಕ್ಕಳು ಯಾರ ಹತ್ತಿರ ಬೆಳೆದರು ಎಂದು ಮುಂದಿನ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ.

ಹೆಚ್ಚು ತಪ್ಪುಗಳಾಗುವುದು ಹುಟ್ಟಿದ ದಿನದಲ್ಲಿ. ಹಳೆಯ ಶಾಲಾ ದಾಖಲೆಗಳಲ್ಲಿ ಜೂನ್ 1 ಎಂದಿದ್ದರೆ ಅನುಮಾನಿಸಿ. ಮೇಷ್ಟರು ಶಾಲೆಗೆ ಸೇರಿಸಿಕೊಳ್ಳುವಾಗ ವಯಸ್ಸು ಕೂಡಿಬರಲೆಂದು ಬರೆದದ್ದಿರಬಹುದು. ಮನೆಯವರ ಲೆಕ್ಕ ಸಂವತ್ಸರದ್ದಾದರೆ ಇನ್ನೊಂದು ಎಡವಟ್ಟು. ಸರ್ವಧಾರಿ ಸಂವತ್ಸರ 1948ರ ಯುಗಾದಿಗೆ ಶುರುವಾಯಿತು, ಆದರೆ ಅದೇ ಸಂವತ್ಸರದ ಪುಷ್ಯ ಬಹುಳ ಬರುವುದು 1949ರ ಜನವರಿಯಲ್ಲಿ. ಇದನ್ನು ಮರೆತು 1948 ಎಂದು ಅಚ್ಚು ಹಾಕಿಸುವವರು ಬಹಳ. ನಾನು ಎರಡನ್ನೂ ಕೊಡುತ್ತೇನೆ: ಒಂದು ಶಾಲಾ ದಾಖಲೆಯಂತೆ, ಇನ್ನೊಂದು ಮನೆಯವರ ಲೆಕ್ಕದಂತೆ. ಊರು-ಜಿಲ್ಲೆಗಳೂ ಅಷ್ಟೇ. 1997ಕ್ಕೆ ಮೊದಲು ಉಡುಪಿ ದಕ್ಷಿಣ ಕನ್ನಡದಲ್ಲಿತ್ತು, ಗದಗ ಧಾರವಾಡದಲ್ಲಿತ್ತು. 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರೇ ಮೈಸೂರು. ಅಂದಿನ ಹೆಸರನ್ನೇ ಇಟ್ಟು ಪಕ್ಕದಲ್ಲಿ ಇಂದಿನದನ್ನು ಹೇಳಬೇಕು. ಮದುವೆಯ ನಂತರ ಹೆಸರು, ಇನಿಷಿಯಲ್ ಬದಲಾಗಿದ್ದರೆ ಮೊದಲ ಪುಟದಲ್ಲೇ ಎರಡೂ ಇರಲಿ, ಇಲ್ಲದಿದ್ದರೆ ಹಳೆಯ ವಿದ್ಯಾರ್ಥಿಗಳಿಗೆ ಇದು ತಮ್ಮ ಟೀಚರೇ ಎಂದು ತಿಳಿಯುವುದಿಲ್ಲ.

ಮಾತಾಡಿಸುವುದಕ್ಕೆ ಹೆಚ್ಚು ಸಮಯ ಕೊಡಿ. ಒಬ್ಬರಿಗೆ ಮುಕ್ಕಾಲು ಗಂಟೆ ಸಾಕು, ರೆಕಾರ್ಡ್ ಮಾಡಲು ಒಪ್ಪಿಗೆ ಕೇಳಿ. 'ಟೀಚರ್ ಹೇಗಿದ್ದರು' ಎಂದು ಕೇಳಿದರೆ 'ತುಂಬ ಒಳ್ಳೆಯವರು' ಎಂಬಲ್ಲಿಗೆ ಮಾತು ಮುಗಿಯುತ್ತದೆ. 'ಸ್ಲೇಟಿನಲ್ಲಿ ತಪ್ಪು ಬರೆದರೆ ಏನು ಮಾಡುತ್ತಿದ್ದರು' ಎಂದು ಕೇಳಿ. ಆಗ 'ಒರೆಸಲು ಬಿಡುತ್ತಿರಲಿಲ್ಲ, ತಪ್ಪಿನ ಕೆಳಗೇ ಸರಿಯಾದದ್ದನ್ನು ಬರೆಸಿ ಎರಡನ್ನೂ ಓದಿಸುತ್ತಿದ್ದರು' ಎಂಬಂಥ ಮಾತು ಬರುತ್ತದೆ. ಅವರು ಪಾಠ ಮಾಡುತ್ತಿದ್ದ ರೀತಿ ಆ ಒಂದು ವಾಕ್ಯದಲ್ಲಿ ಕಾಣುತ್ತದೆ. ನೆನಪು ಕೆದಕಲು ಸರ್ಕಾರಿ ಕೆಲಸಗಳೂ ನೆರವಿಗೆ ಬರುತ್ತವೆ: 1981, 1991, 2001ರ ಜನಗಣತಿ, ಚುನಾವಣೆ ಡ್ಯೂಟಿ, ನಲಿ-ಕಲಿ ತರಬೇತಿ, ಬಿಸಿಯೂಟ ಶುರುವಾದ ವರ್ಷ.

ಗಂಡ ಇದ್ದರೆ ಅವರನ್ನು ಒಬ್ಬರೇ ಇರುವಾಗ ಮಾತಾಡಿಸಿ. ಮಕ್ಕಳು ಪಕ್ಕದಲ್ಲಿದ್ದರೆ ಉತ್ತರ ಮಕ್ಕಳೇ ಹೇಳಿಬಿಡುತ್ತಾರೆ. ಸಂಬಳದ ದಿನ ಏನಾಗುತ್ತಿತ್ತು, ಲೆಕ್ಕ ಯಾರು ಬರೆಯುತ್ತಿದ್ದರು, ಬೆಳಗಿನ ಅಡುಗೆ ಎಷ್ಟು ಗಂಟೆಗೆ ಮುಗಿಯಬೇಕಿತ್ತು ಎಂದು ಕೇಳಿ. ಅಳು ಬಂದರೆ ರೆಕಾರ್ಡರ್ ನಿಲ್ಲಿಸಿ, ಆ ದಿನಕ್ಕೆ ಅಷ್ಟು ಸಾಕು. ಮೊಮ್ಮಕ್ಕಳಿಗೆ ವಸ್ತುವೊಂದನ್ನು ಕೈಗೆ ಕೊಟ್ಟು ಕೇಳುವುದು ಸುಲಭ: ಕನ್ನಡಕದ ಡಬ್ಬಿ, ಪಗಡೆ, ಉಪ್ಪಿನಕಾಯಿ ಲೆಕ್ಕದ ಚೀಟಿ. ಚೀಟಿಯಲ್ಲಿ ಪಾವು, ಚಟಾಕು ಇದ್ದರೆ ಗ್ರಾಮಿಗೆ ಬದಲಿಸಿ ಅಚ್ಚು ಹಾಕಬೇಡಿ. ಅವರ ಕೈಬರಹವನ್ನೇ ಸ್ಕ್ಯಾನ್ ಮಾಡಿ ಮೂಲ ಅಳತೆಯಲ್ಲಿ ಹಾಕಿ.

ಫೋಟೋಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ), ಗುಣ ಕುಂದದ ಟಿಫ್ ಫೈಲಾಗಿ ಸ್ಕ್ಯಾನ್ ಮಾಡುತ್ತೇನೆ, ಹಿಂಬದಿಯನ್ನೂ ಸೇರಿಸಿ. ಸ್ಟುಡಿಯೋ ಮುದ್ರೆ, ಪೆನ್ಸಿಲ್ ಬರಹ ಅಲ್ಲಿರುತ್ತವೆ. ಆಲ್ಬಮ್ಮಿಗೆ ಅಂಟಿಕೊಂಡದ್ದನ್ನು ಕೀಳಬೇಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ವಾಟ್ಸಾಪಿನಲ್ಲಿ ಚಿತ್ರ ತರಿಸುವುದಾದರೆ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಸಣ್ಣದಾಗಿ ಬಂದು ಅಚ್ಚಿನಲ್ಲಿ ಮಸುಕಾಗುತ್ತದೆ. ತರಗತಿಯ ಗುಂಪು ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ತಲೆಗಳ ಗುರುತು ಹಾಕಿ ಸಂಖ್ಯೆ ಕೊಡಿ. ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಅದನ್ನು ಹಾಕಿದರೆ ಹೆಸರುಗಳು ಬೇಗ ತುಂಬುತ್ತವೆ. ಇಬ್ಬರು ಒಂದೇ ಹೆಸರು ಹೇಳುವವರೆಗೆ ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿ.

ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವಾಗ, ಒಂದು ಎಚ್ಚರ. ಕೆಲವರು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಕೆಲವರು ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡಿನಲ್ಲಿ ಲೇಖನ ಕಳಿಸುತ್ತಾರೆ. ಎಲ್ಲವನ್ನೂ ಯೂನಿಕೋಡಿಗೆ ತಂದು ಇನ್‌ಡಿಸೈನಿನಲ್ಲಿ ಪುಟ ಕಟ್ಟಿಸಿ. ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ. ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪಬಹುದು, ನಡುವಿನ ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಹಾಗಾಗಿ ಕರಡನ್ನು ಕಾಗದದ ಮೇಲೆ ಇಬ್ಬರು ಓದಲೇಬೇಕು, ಹೆಸರು-ತಾರೀಖುಗಳನ್ನು ಮೂರನೆಯವರು ಪ್ರತ್ಯೇಕವಾಗಿ ನೋಡಬೇಕು.

ಪುಸ್ತಕ ಡೆಮಿ 1/8 ಅಳತೆಯಲ್ಲಿ, 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಮ್ ಎಂಬ ತೂಕದ) ಮ್ಯಾಪ್ಲಿಥೋ ಕಾಗದದಲ್ಲಿ, 64 ಪುಟದೊಳಗೆ ಇದ್ದರೆ ನಡುವೆ ಪಿನ್ ಹೊಡೆದರೆ ಸಾಕು. ಪುಟಗಳು ನಾಲ್ಕರ ಮಡಿಯಲ್ಲಿ ಇರಬೇಕು. ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್. 200 ಪ್ರತಿಗಿಂತ ಕಡಿಮೆಯಾದರೆ ಡಿಜಿಟಲ್ ಮುದ್ರಣವೇ ಸರಿ. ಮಾತು ಕೊಟ್ಟ ಪ್ರತಿಯೊಬ್ಬರಿಗೂ ಒಂದು, ಅವರು ಕಲಿಸಿದ ಪ್ರತಿ ಶಾಲೆಗೂ ಎರಡು ಪ್ರತಿ ಮೊದಲೇ ಎತ್ತಿಡುತ್ತೇನೆ. ಹಂಚಿದ ವಾರದಲ್ಲೇ ಫೋನುಗಳು ಶುರುವಾಗುತ್ತವೆ: ಆ ಫೋಟೋದಲ್ಲಿ ಏಳನೆಯವನು ಅವನಲ್ಲ ಇವನು, ಆ ವರ್ಷ ಹೆಡ್‌ಮಾಸ್ಟರು ಬೇರೆ ಇದ್ದರು. ಅದಕ್ಕೇ ಮೂಲ ಫೈಲನ್ನು ಎರಡು ಕಡೆ ಕಾಪಿಟ್ಟು, ತಿದ್ದುಪಡಿಗಳನ್ನು ಬಂದ ಹಾಗೆ ಅದರಲ್ಲಿ ಸೇರಿಸುತ್ತ, ಪಿಡಿಎಫನ್ನು ಹೊಸ ತಾರೀಖಿನೊಂದಿಗೆ ಮತ್ತೆ ಕಳಿಸುತ್ತೇನೆ.